ಸಬ್‌ವೂಫರ್ ಹೊಂದಿಸುವುದು ಹೇಗೆ? ಸದ್ದು ಗುಡುಗಲಿ, ಮಾತೂ ಕೇಳಲಿ

ಗುಮ್ಮಳಾಪುರ: ಹೊಸೂರಿನಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಹೋಂ ಥಿಯೇಟರ್ ತಂದದ್ದಾಯಿತು. ಐದು ಪುಟ್ಟ ಸ್ಪೀಕರ್, ಒಂದು ದೊಡ್ಡ ಡಬ್ಬ. ಟಿವಿ ಪಕ್ಕದ ಮೂಲೆ ಖಾಲಿ ಇದೆ ಎಂದು ಡಬ್ಬವನ್ನು ಅಲ್ಲಿಗೆ ತಳ್ಳಿ, ಗುಂಡಿಯನ್ನು ಪೂರ್ತಿ ತಿರುಗಿಸಿದ್ದೂ ಆಯಿತು. ಈಗ ಹಾಡು ಬಂದರೆ ಕಿಟಕಿ ಗಾಜು ಗಡಗಡ ಎನ್ನುತ್ತದೆ. ಆದರೆ ಸಿನಿಮಾ ಕನ್ನಡದ್ದಾಗಲಿ, ತಮಿಳಿನದ್ದಾಗಲಿ, ಮಾತು ಮಾತ್ರ ಅರ್ಥವಾಗುವುದಿಲ್ಲ. ಪಕ್ಕದ ಮನೆಯವರು ಮುಖ ತಿರುಗಿಸಿಕೊಂಡು ಓಡಾಡುತ್ತಾರೆ!

ಇಂಥ ಕಡೆ ತಪ್ಪು ಬಹುಪಾಲು ಡಬ್ಬದ್ದಲ್ಲ. ಅದನ್ನು ಇಟ್ಟ ಜಾಗದ್ದು, ಹೊಂದಿಸಿದ ರೀತಿಯದ್ದು. ಹೆಚ್ಚು ಖರ್ಚಿಲ್ಲದೆ ಒಂದು ಭಾನುವಾರ ಮಧ್ಯಾಹ್ನ ಕೂತು ಸರಿಪಡಿಸಿಕೊಳ್ಳಬಹುದು.

ಡಬ್ಬದ ಕೆಲಸವೇನು?

ನಮ್ಮ ಕಿವಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು. ಅದರಲ್ಲಿ ತೀರಾ ತಗ್ಗಿನ ಭಾಗ, ಅಂದರೆ ಗುಡುಗು, ಸ್ಫೋಟ, ಡ್ರಮ್ಮಿನ ಹೊಡೆತ, ಸಬ್‌ವೂಫರ್‌ನ ಪಾಲು. 5.1 ಎನ್ನುವಲ್ಲಿ '5' ಎಂದರೆ ಐದು ಸ್ಪೀಕರ್. '.1' ಎಂದರೆ 120 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆಂದೇ ಮೀಸಲಾದ ಪ್ರತ್ಯೇಕ ದಾರಿ. ಮಾತು ಬರುವುದು ಮುಖ್ಯವಾಗಿ ನಡುವಿನ ಸೆಂಟರ್ ಸ್ಪೀಕರ್‌ನಿಂದ. ಡಬ್ಬದ ಸದ್ದು ಅಳತೆ ಮೀರಿದರೆ ಆ ಮಾತನ್ನು ನುಂಗಿಹಾಕುತ್ತದೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ 'ಪಿ.ಎಂ.ಪಿ.ಒ.' ಎಂದು ಅಚ್ಚಾಗಿದ್ದರೆ ಅದನ್ನು ನಂಬಬೇಡಿ. 'ಆರ್.ಎಂ.ಎಸ್.' ವ್ಯಾಟ್ ಎಷ್ಟು ಎಂದು ಕೇಳಿ.

ಕೋಣೆಯ ಅಳತೆಯೇ ಆಟ ಆಡಿಸುತ್ತದೆ

ತಗ್ಗಿನ ಸದ್ದಿನ ಅಲೆ ಬಲು ಉದ್ದ. 40 ಹರ್ಟ್ಸ್‌ನ ಒಂದು ಅಲೆ ಸುಮಾರು 28 ಅಡಿ. 14 ಅಡಿ ಉದ್ದದ ನಡುಮನೆಯಲ್ಲಿ ಅದರ ಅರ್ಧ ಮಾತ್ರ ಹಿಡಿಸುತ್ತದೆ. ಅಲೆ ಗೋಡೆಗೆ ಬಡಿದು ಮರಳಿ, ಗೋಡೆಯ ಬಳಿ ಹೆಚ್ಚು, ಕೋಣೆಯ ನಡುವೆ ಕಡಿಮೆ ಕೇಳಿಸುತ್ತದೆ. ಒಂದೇ ಹಾಡು ಸೋಫಾದಲ್ಲಿ ಒಂದು ಥರ, ಬಾಗಿಲ ಬಳಿ ಇನ್ನೊಂದು ಥರ ಕೇಳುವುದು ಇದಕ್ಕೇ.

10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಲ್ಲಕ್ಕಿಂತ ಕಷ್ಟ. ಮೂರು ದಿಕ್ಕಿನಲ್ಲೂ ಒಂದೇ 56 ಹರ್ಟ್ಸ್ ಉಬ್ಬಿಕೊಳ್ಳುತ್ತದೆ. ಹಾಡು ಯಾವುದಾದರೂ 'ಬುಮ್' ಎಂಬ ಒಂದೇ ರಾಗ! ಇನ್ನು ಮೂಲೆಯಲ್ಲಿಟ್ಟರೆ ಎರಡು ಗೋಡೆ, ನೆಲ ಸೇರಿ ಸದ್ದು ಮತ್ತಷ್ಟು ದಪ್ಪವಾಗುತ್ತದೆ.

ಜಾಗ ಹುಡುಕುವ ಉಪಾಯ

ಡಬ್ಬವನ್ನು ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಹೆಚ್ಚಿರುವ, ಬೇರೆ ಬೇರೆ ಸ್ವರಗಳಿರುವ ಒಂದು ಹಾಡು ಹಾಕಿ. ಈಗ ಗೋಡೆಯ ಉದ್ದಕ್ಕೂ ಬಗ್ಗಿಕೊಂಡು, ಕಿವಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿಟ್ಟುಕೊಂಡು ನಿಧಾನವಾಗಿ ಸಾಗಿ. ಮನೆಯವರು ನಕ್ಕರೂ ಪರವಾಗಿಲ್ಲ. ಎಲ್ಲ ಸ್ವರಗಳೂ ಸಮನಾಗಿ, ಬಿಗಿಯಾಗಿ ಕೇಳುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಡಬ್ಬಕ್ಕೆ ಅದೇ ಜಾಗ. ಮೊದಲು ಟಿವಿ ಇರುವ ಗೋಡೆಯ ಕಡೆಯೇ ಹುಡುಕಿ. ಅಲ್ಲಿ ಸಿಕ್ಕಿದರೆ ಸದ್ದು ಪರದೆಯೊಂದಿಗೆ ಹೊಂದಿಕೊಳ್ಳುತ್ತದೆ.

ಹೊಂದಿಸುವ ಕ್ರಮ

1. ರಿಸೀವರ್‌ನ ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ 'ಸ್ಮಾಲ್' ಎಂದು ಇಡಿ. ಕ್ರಾಸ್‌ಓವರ್ 80 ಹರ್ಟ್ಸ್ ಇರಲಿ. ಅಂಗೈಯಗಲದ ಪುಟ್ಟ ಸ್ಪೀಕರ್‌ಗಳಾದರೆ 120ರಿಂದ 150 ಬೇಕಾಗಬಹುದು.

2. ಕ್ರಾಸ್‌ಓವರನ್ನು ರಿಸೀವರ್ ನೋಡಿಕೊಳ್ಳುವುದಾದರೆ, ಡಬ್ಬದ ಹಿಂದಿರುವ ಅದೇ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಡಿ. ಎರಡು ಕಡೆ ಸೋಸಿದರೆ ನಡುವಿನ ಸದ್ದು ಕಾಣೆಯಾಗುತ್ತದೆ.

3. ಟೇಪು ಹಿಡಿದು ಪ್ರತಿ ಸ್ಪೀಕರ್‌ನಿಂದ ಕೂರುವ ಜಾಗಕ್ಕೆ ಎಷ್ಟು ಅಡಿ ಎಂದು ಅಳೆದು ಮೆನುವಿನಲ್ಲಿ ತುಂಬಿ.

4. ಡಬ್ಬದ ವಾಲ್ಯೂಮ್ ಗುಂಡಿ ಅರ್ಧಕ್ಕಿರಲಿ. ರಿಸೀವರ್‌ನ 'ಟೆಸ್ಟ್ ಟೋನ್' ಹಾಕಿ. ಸದ್ದಿನ ಮೀಟರ್ ಇದ್ದರೆ 'ಸಿ' ಮತ್ತು 'ಸ್ಲೋ' ಆಯ್ಕೆಯಲ್ಲಿ, ಕೂತಾಗ ಕಿವಿ ಇರುವ ಎತ್ತರಕ್ಕೆ ಹಿಡಿದು, ಎಲ್ಲ ಸ್ಪೀಕರ್‌ಗಳೂ 75 ಡೆಸಿಬೆಲ್ ತೋರಿಸುವಂತೆ ಮಾಡಿ. ಡಬ್ಬವೂ ಅಷ್ಟೇ ತೋರಿಸಲಿ. ಮೊಬೈಲ್ ಆಪ್ ಐದು ಸ್ಪೀಕರ್‌ಗಳಿಗೆ ಸಾಕು. ಆದರೆ ಬಹಳಷ್ಟು ಮೊಬೈಲ್ ಮೈಕುಗಳು ತಗ್ಗಿನ ಸದ್ದನ್ನು ಕಡಿಮೆ ತೋರಿಸುತ್ತವೆ. ಡಬ್ಬದ ವಿಷಯದಲ್ಲಿ ಕೊನೆಯ ತೀರ್ಪು ನಿಮ್ಮ ಕಿವಿಯದೇ.

5. 'ಫೇಸ್' ಗುಂಡಿಗೆ ಇಬ್ಬರು ಬೇಕು. ಒಬ್ಬರು ಕೂತು ಕೇಳಲಿ, ಇನ್ನೊಬ್ಬರು 0 ಮತ್ತು 180ರ ನಡುವೆ ಬದಲಿಸಲಿ. ಬೇಸ್ ಯಾವುದರಲ್ಲಿ ಜಾಸ್ತಿ ತುಂಬಿ ಕೇಳುತ್ತದೋ ಅದೇ ಸರಿ.

ರಿಸೀವರ್ ಜೊತೆ ಪುಟ್ಟ ಮೈಕ್ ಕೊಟ್ಟಿದ್ದರೆ ಅದೇ ತಾನಾಗಿ ಅಳೆದುಕೊಳ್ಳುತ್ತದೆ. ಆದರೂ ಡಬ್ಬಕ್ಕೆ ಸರಿಯಾದ ಜಾಗವನ್ನು ನೀವೇ ಹುಡುಕಬೇಕು.

ಸರಿಯಾಯಿತೇ ಎಂದು ತಿಳಿಯಲು ಮಾತು ಹೆಚ್ಚಿರುವ ಒಂದು ದೃಶ್ಯ, ಹೊಡೆದಾಟದ ಒಂದು ದೃಶ್ಯ ನೋಡಿ. ಡಬ್ಬ ಎಲ್ಲಿದೆ ಎಂದು ಕಣ್ಣು ಮುಚ್ಚಿದವರಿಗೆ ಗೊತ್ತಾಗಬಾರದು. ಆರಿಸಿದರೆ ಮಾತ್ರ ಏನೋ ಕಡಿಮೆಯಾಯಿತು ಅನ್ನಿಸಬೇಕು.

'ಹೂಂ' ಎಂಬ ಶಬ್ದ ಬರುತ್ತಿದೆಯೇ?

ನಮ್ಮ ಕರೆಂಟು 50 ಹರ್ಟ್ಸ್‌ನದು. ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಗುಂಯ್‌ಗುಟ್ಟುವಿಕೆ ನೇರ ಡಬ್ಬದೊಳಗೆ ಬರುತ್ತದೆ. ಮೊದಲು ಕೇಬಲ್ ಅಥವಾ ಡಿಶ್ ವೈರ್ ಕಳಚಿ ನೋಡಿ. ನಿಂತರೆ ತೊಂದರೆ ಆ ವೈರಿನ ದಾರಿಯಲ್ಲಿದೆ. ಟಿವಿ, ರಿಸೀವರ್, ಡಬ್ಬ ಮೂರನ್ನೂ ಒಂದೇ ಬೋರ್ಡಿಗೆ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಎಂದೂ ಕತ್ತರಿಸಬೇಡಿ. ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

ರಾತ್ರಿ ಹೊತ್ತು

ಹಳ್ಳಿಯ ಸಾಲುಮನೆಗಳಲ್ಲಿ ಗೋಡೆ ಇಬ್ಬರದು. ತೆಳು ಸದ್ದು ಗೋಡೆಗೆ ನಿಲ್ಲುತ್ತದೆ, ತಗ್ಗಿನ ಸದ್ದು ದಾಟಿ ಹೋಗುತ್ತದೆ. ನಮ್ಮ ತಳಿ, ಜವಳಗಿರಿ ಕಡೆಯ ಕಾಡಾನೆಗಳನ್ನೇ ನೋಡಿ. ಆನೆಗಳು ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ, 20 ಹರ್ಟ್ಸ್‌ಗೂ ಕೆಳಗಿನ ದನಿಯಲ್ಲಿ ದೂರದ ಆನೆಗಳೊಂದಿಗೆ ಮಾತಾಡುತ್ತವೆ. ಅಮೆರಿಕದ ಸಂಶೋಧಕಿ ಕೇಟಿ ಪೇನ್ 1980ರ ದಶಕದಲ್ಲಿ ಇದನ್ನು ಕಂಡುಕೊಂಡರು.

ಆದ್ದರಿಂದ ಡಬ್ಬವನ್ನು ಇಬ್ಬರ ಗೋಡೆಯಿಂದ ದೂರವಿಡಿ, ಕೆಳಗೆ ದಪ್ಪ ರಬ್ಬರ್ ಹಾಕಿ. ಮೆನುವಿನಲ್ಲಿ 'ನೈಟ್ ಮೋಡ್' ಇದ್ದರೆ ಬಳಸಿ, ಸ್ಫೋಟ ತಗ್ಗಿ ಮಾತು ಏರುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬೆಲ್. ಹಗಲಿಗೆ 55.

ಇನ್ನೂ ಒಂದು ಮಾತು. ರಾಗಿ ಕಟಾವಿನ ಕಾಲದಲ್ಲಿ ಹೊಲಕ್ಕೆ ಆನೆ ಬಂತೆಂದು ಯಾರಾದರೂ ಕೂಗಿದರೆ ಅದು ನಿಮ್ಮ ಮನೆಯೊಳಗೂ ಕೇಳಬೇಕು. ಡಬ್ಬದ ಗುಂಡಿ ಅಷ್ಟರಲ್ಲಿ ಇದ್ದರೆ ಸಿನಿಮಾದ ಮಾತೂ ಕೇಳುತ್ತದೆ, ಊರಿನ ಮಾತೂ ಕೇಳುತ್ತದೆ.