ಕೊಡಚಾದ್ರಿ ಜೀಪು ಯಾಕೆ ಹಾಗೆ ಕುಣಿಯುತ್ತೆ?

ಕೊಡಚಾದ್ರಿಗೆ ಹೋಗಿ ಬಂದವರ ಬರಹಗಳನ್ನು ನಾವೆಲ್ಲ ಬೇಕಾದಷ್ಟು ಓದಿದ್ದೇವೆ. ಕೆಲವರು ಬರೆದೂ ಇದ್ದೇವೆ. ಅದರಲ್ಲಿ ಮಂಜು ಇರುತ್ತೆ, ಸರ್ವಜ್ಞ ಪೀಠ ಇರುತ್ತೆ, ಸೂರ್ಯಾಸ್ತದ ನಾಲ್ಕು ಫೋಟೋ ಇರುತ್ತೆ, ಮತ್ತೆ ಜೀಪಿನ ಬಗ್ಗೆ ಒಂದು ಪ್ಯಾರಾ ತಪ್ಪದೇ ಇರುತ್ತೆ. ಸೊಂಟ ಕಳಚಿತು, ತಲೆ ಮೇಲಿನ ಕಂಬಿಗೆ ಬಡಿಯಿತು, ಡ್ರೈವರು "ಹ್ವಾಯ್, ಗಟ್ಟಿ ಹಿಡ್ಕಣಿ!" ಅಂದ... ಇಷ್ಟೆಲ್ಲ ಬರೆದರೂ ಆ ಜೀಪು ಯಾಕೆ ಹಾಗೆ ಎತ್ತಿ ಎತ್ತಿ ಹಾಕುತ್ತೆ ಅಂತ ಯಾರೂ ಬರೆದದ್ದು ನಾನು ನೋಡಿಲ್ಲ. ರಸ್ತೆ ಸರಿ ಇಲ್ಲ, ಅದಕ್ಕೇ ಅನ್ನುತ್ತೀರಿ. ಅದು ಅರ್ಧ ನಿಜ. ಇನ್ನರ್ಧ ಜೀಪಿನ ಅಡಿಯಲ್ಲಿದೆ.

ಈ ವಿಷಯ ಈಗ ಎತ್ತಲು ಕಾರಣ ಇದೆ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಎತ್ತರ ಮಾಡಿಸಿದ ಥಾರ್ ಗಾಡಿಗಳು ಕಾಣಸಿಗುತ್ತವೆ. ದೊಡ್ಡ ಟಯರು, ಎರಡೋ ಮೂರೋ ಇಂಚಿನ ಲಿಫ್ಟು. ನೋಡಲು ಚಂದ. ಒಂದು ತಿಂಗಳಾದ ಮೇಲೆ ಅದೇ ಹುಡುಗರು ಕೇಳುವ ಪ್ರಶ್ನೆ: "ಗಾಡಿ ಕಲ್ಲಿನ್ ಹಾಂಗೆ ಆಯ್ತ್, ಯಾವ್ ಆರ್ಮ್ ಹಾಕ್ಸುದ್ ಮಾರಾಯ್ರೆ?" ಈ ಪ್ರಶ್ನೆಗೆ ಉತ್ತರ ಅಂಗಡಿಯವನ ಹತ್ತಿರ ಇರುವುದಕ್ಕಿಂತ ಹೆಚ್ಚು ಹಳೇ ಜೀಪಿನ ಚರಿತ್ರೆಯಲ್ಲಿದೆ ಅಂತ ನನ್ನ ಅಭಿಪ್ರಾಯ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಎತ್ತಿನ ಗಾಡಿಯಿಂದಲೇ ಶುರು ಮಾಡೋಣ. ಎತ್ತಿನ ಗಾಡಿಗೆ ಸ್ಪ್ರಿಂಗ್ ಇಲ್ಲ. ಗಾಡಿಯ ಮೈ ನೇರವಾಗಿ ಅಚ್ಚಿನ ಮೇಲೆ ಕೂತಿರುತ್ತೆ. ಚಕ್ರ ಹೊಂಡಕ್ಕೆ ಬಿದ್ದರೆ ಗಾಡಿ, ಅಕ್ಕಿ ಮುಡಿ, ಅದರ ಮೇಲೆ ಕೂತ ಮನುಷ್ಯ ಎಲ್ಲರೂ ಒಟ್ಟಿಗೇ ಬೀಳಬೇಕು. ಅಡಿಗೆ ಬೈಹುಲ್ಲು ಹಾಕಿಕೊಳ್ಳುವುದೇ ಆಗಿನ ಸಸ್ಪೆನ್ಷನ್! ಇಂಗ್ಲೆಂಡಿನಲ್ಲಿ 1804ರಲ್ಲಿ ಒಬಡಾಯಾ ಎಲಿಯಟ್ ಎಂಬ ಸಾರೋಟು ಕಟ್ಟುವವನು ಕಮಾನಿನ ಹಾಗೆ ಬಗ್ಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅದರ ಮೇಲೆ ಗಾಡಿ ಕೂರಿಸುವುದಕ್ಕೆ ಪೇಟೆಂಟ್ ಪಡೆದ. ನಮ್ಮ ಗ್ಯಾರೇಜುಗಳಲ್ಲಿ ಬ್ಲೇಡು, ಪ್ಲೇಟು ಅನ್ನುವ ಲೀಫ್ ಸ್ಪ್ರಿಂಗ್ ಆ ವಂಶದ್ದೇ. ಕುದುರೆ ಗಾಡಿಯಿಂದ ಅದು ಕಾರಿಗೆ, ಬಸ್ಸಿಗೆ, ಲಾರಿಗೆ ಬಂತು.

ಅಂದ ಹಾಗೆ ಲೀಫ್ ಸ್ಪ್ರಿಂಗಿಗೂ ನಮ್ಮ ಕರಾವಳಿಗೂ ಹತ್ತಿರದ ನಂಟು. ಉಡುಪಿಯಲ್ಲಿ 1925ರಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಗೊತ್ತಲ್ಲ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋದದ್ದು? ಅದರ ಸ್ಥಾಪಕರಲ್ಲಿ ಒಬ್ಬರಾದ ವಿ.ಎಸ್. ಕುಡ್ವರು ಬಸ್ಸು ಓಡಿಸುವ ಉದ್ಯಮದಲ್ಲೂ ಇದ್ದವರು. ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿ ಮೋಟಾರು ಗಾಡಿಗಳಿಗೆ ಲೀಫ್ ಸ್ಪ್ರಿಂಗ್ ತಯಾರಿಸಿದವರು ಅವರೇ. ಕೆನರಾ ಸ್ಪ್ರಿಂಗ್ಸ್ ಅಂದರೆ ಹಳೇ ಕಾಲದ ಲಾರಿ, ಬಸ್ಸಿನವರಿಗೆ ಗೊತ್ತು. ಬ್ಯಾಂಕಿನ ಚರಿತ್ರೆ ಬರೆಯುವಾಗ ನಮ್ಮವರು ಈ ಸ್ಪ್ರಿಂಗಿನ ಕಥೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಬೇಜಾರು.

ಇನ್ನು ಜೀಪು. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿಯ ಎಂಬಿ ಜೀಪು ತಯಾರಾಯಿತು. ಮುಂದೆ ಒಂದು ಗಟ್ಟಿ ಅಚ್ಚು, ಹಿಂದೆ ಒಂದು ಗಟ್ಟಿ ಅಚ್ಚು, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗು. ಸೈನ್ಯಕ್ಕೆ ಬೇಕಾದದ್ದು ಬೇಗ ಮಾಡಬಹುದಾದ, ಎಲ್ಲಿ ಬೇಕಾದರೂ ರಿಪೇರಿ ಮಾಡಬಹುದಾದ ಗಾಡಿ. ಕೂತವರ ಸೊಂಟದ ಯೋಚನೆ ಯಾರಿಗೂ ಇರಲಿಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಅದೇ ವಿಲ್ಲೀಸ್ ಜೀಪನ್ನು ಜೋಡಿಸತೊಡಗಿದರು. ಆಮೇಲೆ ಎಂಜಿನ್ ಬದಲಾಯಿತು, ಪೆಟ್ರೋಲ್ ಹೋಗಿ ಡೀಸೆಲ್ ಬಂತು, ಎಂಎಂ 540, ಕಮಾಂಡರ್, ಮೇಜರ್ ಅಂತ ಹೆಸರುಗಳು ಬಂದವು. ಅಡಿಯಲ್ಲಿ ಮಾತ್ರ ಅದೇ ಬ್ಲೇಡು. ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತಿ, ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಜನರನ್ನು ಹೊತ್ತು ಹೆಸರಾದದ್ದು ಈ ಸಂತತಿಯ ಜೀಪುಗಳು. ಯುದ್ಧಕ್ಕೆ ಮಾಡಿದ ಸಸ್ಪೆನ್ಷನ್ನಿನ ಮೇಲೆ ಮೂಕಾಂಬಿಕೆಯ ಭಕ್ತರು!

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಲೀಫ್ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಪಿನ್ ಹಾಕಿ ಸಿಕ್ಕಿಸಿರುತ್ತಾರೆ, ಇನ್ನೊಂದು ತುದಿ ಶ್ಯಾಕಲ್ಲಿನಲ್ಲಿ ತೂಗುತ್ತೆ, ನಡುವೆ ಯು ಬೋಲ್ಟ್ ಹಾಕಿ ಅಚ್ಚನ್ನು ಬಿಗಿದಿರುತ್ತಾರೆ. ಅಂದರೆ ಈ ಸ್ಪ್ರಿಂಗಿಗೆ ಕೆಲಸ ಒಂದಲ್ಲ, ಎರಡು. ಗಾಡಿಯ ಭಾರ ಹೊರುವುದು ಒಂದು. ಅಚ್ಚು ಹಿಂದೆ ಮುಂದೆ, ಅಕ್ಕಪಕ್ಕ ಸರಿಯದಂತೆ, ಬ್ರೇಕ್ ಹಾಕಿದಾಗ ತಿರುಚಿಕೊಳ್ಳದಂತೆ ಹಿಡಿದುಕೊಳ್ಳುವುದು ಇನ್ನೊಂದು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವನ ಕೈಗೇ ಹೋರಿಯ ಹಗ್ಗವನ್ನೂ ಕೊಟ್ಟ ಹಾಗೆ. ಹೋರಿ ಎಳೆದಾಗ ಅವನು ಬಗ್ಗುವಂತಿಲ್ಲ, ಬಗ್ಗಿದರೆ ಹೊರೆ ಬೀಳುತ್ತೆ. ಹಾಗಾಗಿ ಮೈಯೆಲ್ಲ ಬಿಗಿ ಮಾಡಿಕೊಂಡೇ ನಡೆಯಬೇಕು. ಲೀಫ್ ಸ್ಪ್ರಿಂಗ್ ಗಡುಸಾಗಿರುವುದು ಇದಕ್ಕೇ. ಮೆತ್ತಗೆ ಮಾಡಿದರೆ ಅಚ್ಚಿನ ಹಿಡಿತ ತಪ್ಪುತ್ತೆ. ಜೊತೆಗೆ ಬ್ಲೇಡುಗಳು ಒಂದಕ್ಕೊಂದು ಉಜ್ಜುತ್ತವೆ. ತುಕ್ಕು, ಮಣ್ಣು ಸೇರಿದರೆ ಸಣ್ಣ ಕಲ್ಲಿಗೆ ಸ್ಪ್ರಿಂಗ್ ಅಲ್ಲಾಡುವುದೇ ಇಲ್ಲ, ಏಟು ನೇರ ಸೀಟಿಗೆ. ಹತ್ತು ಜನರ ಭಾರಕ್ಕೆ ಮಾಡಿದ ಸ್ಪ್ರಿಂಗಿನ ಮೇಲೆ ಇಬ್ಬರೇ ಕೂತರೆ ಕೇಳುವುದೇ ಬೇಡ. ಖಾಲಿ ಜೀಪು ತುಂಬಿದ ಜೀಪಿಗಿಂತ ಹೆಚ್ಚು ಹಾರುವುದನ್ನು ನೀವೂ ಗಮನಿಸಿರಬಹುದು.

ಪರಿಹಾರ ಏನು? ಎರಡು ಕೆಲಸಕ್ಕೆ ಎರಡು ಆಳು. ಭಾರ ಹೊರಲು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಅಚ್ಚನ್ನು ಹಿಡಿಯಲು ಬೇರೆಯೇ ಕಬ್ಬಿಣದ ತೋಳುಗಳು. ಅವೇ ಕಂಟ್ರೋಲ್ ಆರ್ಮ್. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಅಚ್ಚಿಗೆ, ಎರಡೂ ಕಡೆ ರಬ್ಬರ್ ಬುಷ್. ಹಗ್ಗ ಹಿಡಿಯಲು ಬೇರೆಯವನು ಬಂದ ಮೇಲೆ ಹೊರೆ ಹೊತ್ತವನು ಆರಾಮ, ಅಂದರೆ ಸ್ಪ್ರಿಂಗನ್ನು ಮೆತ್ತಗೆ ಮಾಡಬಹುದು. 1966ರ ಫೋರ್ಡ್ ಬ್ರಾಂಕೋ ಮುಂದಿನ ಅಚ್ಚಿಗೆ ಹೀಗೆ ಮಾಡಿತು. 1970ರಲ್ಲಿ ಬಂದ ರೇಂಜ್ ರೋವರ್ ನಾಲ್ಕೂ ಚಕ್ರಕ್ಕೆ ಕಾಯಿಲ್ ಕೊಟ್ಟಿತು. ಕಾಡುಮೇಡಿನ ಗಾಡಿ ಅಂದರೆ ಎತ್ತಿ ಹಾಕಲೇಬೇಕು ಎಂಬ ನಂಬಿಕೆ ಮುರಿದದ್ದು ಅಲ್ಲಿ. 1990ರಲ್ಲಿ ಟೊಯೊಟಾ ಲ್ಯಾಂಡ್ ಕ್ರೂಸರ್ 80 ಕಾಯಿಲ್ ಸ್ಪ್ರಿಂಗಿನ ಮೇಲೆ ಬಂತು. ಗಲ್ಫಿನಲ್ಲಿ ಅದನ್ನು ಓಡಿಸಿದ ನಮ್ಮ ಶಿರೂರು, ಬೈಂದೂರು ಕಡೆಯವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ವ್ಯತ್ಯಾಸ ಕೇಳಿ ನೋಡಿ. ಜೀಪಿನ ತವರಲ್ಲೇ ರ್‍ಯಾಂಗ್ಲರ್ ಬ್ಲೇಡು ಬಿಟ್ಟು ಕಾಯಿಲ್ಲಿಗೆ ಬಂದದ್ದು 1997ರ ಮಾದರಿಯಲ್ಲಿ. 1941ರಿಂದ ಲೆಕ್ಕ ಹಾಕಿ, 56 ವರ್ಷ!

ನಮ್ಮಲ್ಲಿ ಇನ್ನೂ ನಿಧಾನ. 1985ರ ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಬ್ಲೇಡು. 2010ರ ಮೊದಲ ಥಾರ್‌ನಲ್ಲಿ ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್ ಬಂದರೂ ಹಿಂದೆ ಬ್ಲೇಡೇ ಉಳಿಯಿತು. 2020ರ ಥಾರ್‌ನಲ್ಲಿ ಮುಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್. ಹಿಂದೆ ಗಟ್ಟಿ ಅಚ್ಚು, ಅದನ್ನು ಹಿಡಿಯಲು ಹಲವು ಆರ್ಮ್, ಹೊರಲು ಕಾಯಿಲ್. 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿಯಲ್ಲೂ ಗಟ್ಟಿ ಅಚ್ಚು, ಕಾಯಿಲ್, ಆರ್ಮ್. ಹೀಗೆ ಇಷ್ಟು ವರ್ಷ ಕಾದು ಸಿಕ್ಕಿದ ಮೆತ್ತನೆಯ ಸವಾರಿಯನ್ನು ನಮ್ಮ ಹುಡುಗರು ಲಿಫ್ಟ್ ಕಿಟ್ ಹಾಕಿಸಿ ಒಂದೇ ದಿನದಲ್ಲಿ ಹಾಳು ಮಾಡಿಕೊಳ್ಳುತ್ತಾರೆ. ಹೇಗೆ ಅಂತ ಕೇಳಿ.

ಏತದ ಮರ ನೆನಪಿದೆಯಾ? ಅದರ ತುದಿ ನೆಟ್ಟಗೆ ಮೇಲೆ ಕೆಳಗೆ ಹೋಗುವುದಿಲ್ಲ, ಬಾಗಿದ ದಾರಿಯಲ್ಲಿ ಹೋಗುತ್ತೆ. ಮರ ಅಡ್ಡಕ್ಕೆ ಸಮವಾಗಿರುವಾಗ ತುದಿ ಹೆಚ್ಚು ಕಡಿಮೆ ನೆಟ್ಟಗೇ ಚಲಿಸುತ್ತೆ. ಓರೆಯಾದಷ್ಟೂ ಹಿಂದೆ ಮುಂದೆ ಸರಿಯುವುದು ಜಾಸ್ತಿ. ಆರ್ಮ್ ಕೂಡ ಹಾಗೇ. 40 ಸೆಂಟಿಮೀಟರ್ ಉದ್ದದ, ಸಮವಾಗಿದ್ದ ಆರ್ಮ್ ಅಂತ ಇಟ್ಟುಕೊಳ್ಳಿ. ಗಾಡಿಯನ್ನು 5 ಸೆಂಟಿಮೀಟರ್ ಎತ್ತಿದರೆ ಆರ್ಮ್ ಸುಮಾರು 7 ಡಿಗ್ರಿ ಓರೆಯಾಗುತ್ತೆ, ಅಚ್ಚು 3 ಮಿಲಿಮೀಟರ್ ಸರಿಯುತ್ತೆ. 10 ಸೆಂಟಿಮೀಟರ್ ಎತ್ತಿದರೆ ಹದಿನಾಲ್ಕೂವರೆ ಡಿಗ್ರಿ, 13 ಮಿಲಿಮೀಟರ್. ಎತ್ತರ ಎರಡು ಪಾಲು, ಸರಿಯುವುದು ನಾಲ್ಕು ಪಾಲು! ಅದೇ ಆರ್ಮ್ 80 ಸೆಂಟಿಮೀಟರ್ ಇದ್ದಿದ್ದರೆ 10 ಸೆಂಟಿಮೀಟರಿಗೂ 7 ಡಿಗ್ರಿ, 6 ಮಿಲಿಮೀಟರ್ ಅಷ್ಟೇ.

ಇದರಿಂದ ಕೂತವರಿಗೆ ಏನಾಗುತ್ತೆ? ಗಟ್ಟಿ ಅಚ್ಚಿನ ಗಾಡಿಯಲ್ಲಿ ಮುಂದಿನ ಆರ್ಮ್ ಚಾಸಿಯಿಂದ ಮುಂದಕ್ಕೆ ಚಾಚಿರುತ್ತೆ. ಎತ್ತಿದ ಮೇಲೆ ಅದು ಕೆಳಮುಖವಾಗಿ ಓರೆಯಾಗುತ್ತೆ. ಚಕ್ರ ಕಲ್ಲಿಗೆ ಹೊಡೆದು ಮೇಲೇಳಬೇಕಾದರೆ ಮೊದಲು ಕಲ್ಲಿನ ಕಡೆಗೇ ಮುಂದಕ್ಕೆ ಹೋಗಬೇಕು. ಏಟು ಸ್ಪ್ರಿಂಗಿಗೆ ಹೋಗುವ ಬದಲು ಆರ್ಮ್ ಹಿಡಿದು ಸೀದಾ ಚಾಸಿಗೆ ಬರುತ್ತೆ. ಸ್ಪ್ರಿಂಗ್ ಎಷ್ಟು ಮೆತ್ತಗಿದ್ದು ಏನು ಪ್ರಯೋಜನ? ಇದರ ಜೊತೆ ಅಚ್ಚಿನ ಓರೆಯೂ ಬದಲಾಗಿ ಸ್ಟೇರಿಂಗ್ ಅಲೆಯತೊಡಗುತ್ತೆ. ಘಾಟಿಯಲ್ಲಿ 20ರ ವೇಗದಲ್ಲಿ ಇದು ಗೊತ್ತಾಗುವುದಿಲ್ಲ. ಹೆದ್ದಾರಿ 66ರಲ್ಲಿ ಮರವಂತೆ ದಾಟುವಾಗ 80ರಲ್ಲಿ ಗೊತ್ತಾಗುತ್ತೆ, ಆಗ ಹಿಂದಿನ ಸೀಟಲ್ಲಿ ಹೆಂಡತಿ ಮಕ್ಕಳಿರುತ್ತಾರೆ.

ಥಾರ್‌ನ ಮುಂದಿನ ಡಬಲ್ ವಿಶ್‌ಬೋನಿನಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಆರ್ಮ್ ಅಡ್ಡಕ್ಕೆ ಚಾಚಿರುವುದರಿಂದ ಹೊಂಡ ಸಿಕ್ಕಾಗ ಚಕ್ರ ಪಕ್ಕಕ್ಕೆ ಸರಿದು ಟಯರು ಉಜ್ಜುತ್ತೆ. ಮೇಲಿನ ಆರ್ಮಿನ ಬಾಲ್ ಜಾಯಿಂಟ್ ತಿರುಗುವ ಮಿತಿಯ ಹತ್ತಿರ ಬಂದು ನಿಲ್ಲುತ್ತೆ. ಚಕ್ರಕ್ಕೆ ಶಕ್ತಿ ಕೊಡುವ ಡ್ರೈವ್ ಶಾಫ್ಟ್ ಕೂಡ ಓರೆಯಾಗಿ ಅದರ ರಬ್ಬರ್ ಬೂಟು ಬೇಗ ಹರಿಯುತ್ತೆ.

ಹಾಗಾದರೆ ಯಾವ ಆರ್ಮ್? ಬಣ್ಣ ನೋಡಿ ತಗೋಬೇಡಿ. ಮೊದಲು ನೋಡಬೇಕಾದ್ದು ಓರೆ. ಗಾಡಿ ಸಮ ನೆಲದಲ್ಲಿ ನಿಂತಾಗ ಆರ್ಮ್ ಆದಷ್ಟು ಸಮಕ್ಕೆ ಹತ್ತಿರ ಇರಬೇಕು. ಎರಡನೆಯದು ಉದ್ದ. ಉದ್ದದ ಆರ್ಮ್ ಒಳ್ಳೆಯದು, ಆದರೆ ಚಾಸಿಗೆ ಹೊಸ ಜಾಗದಲ್ಲಿ ವೆಲ್ಡಿಂಗ್ ಬೇಕು, ಅದು ಎಲ್ಲರ ಕೈಯಲ್ಲಿ ಮಾಡಿಸುವ ಕೆಲಸ ಅಲ್ಲ. ಚಾಸಿಯ ಕಡೆಯ ಹಿಡಿಕೆಯನ್ನು ಕೆಳಗಿಳಿಸುವ ಬ್ರಾಕೆಟ್ಟಿನಿಂದಲೂ ಓರೆ ಸರಿಯಾಗುತ್ತೆ, ಆದರೆ ಅದೇ ಬ್ರಾಕೆಟ್ಟು ಕಲ್ಲಿಗೆ ಸಿಕ್ಕಿಕೊಳ್ಳಬಹುದು. ಡಬಲ್ ವಿಶ್‌ಬೋನ್ ಗಾಡಿಗೆ, ಎತ್ತರಕ್ಕೆ ತಕ್ಕಂತೆ ಬಾಲ್ ಜಾಯಿಂಟಿನ ಕೋನ ಬದಲಿಸಿದ ಮೇಲಿನ ಆರ್ಮ್ ಬೇಕು. ಮೂರನೆಯದು ಬುಷ್. ರಬ್ಬರ್ ಬುಷ್ ಸಣ್ಣ ನಡುಕವನ್ನು ನುಂಗುತ್ತೆ. ಪಾಲಿಯುರೆಥೇನ್ ಗಟ್ಟಿ, ಬಾಳಿಕೆ ಇರಬಹುದು, ಆದರೆ ನಡುಕ ಒಳಗೆ ಬರುತ್ತೆ. ಗುಂಡಿನ ಜಾಯಿಂಟ್ ಹಾಕಿದ ಆರ್ಮ್ ಚೆನ್ನಾಗಿ ತಿರುಗುತ್ತೆ, ನಮ್ಮ ಕೆಸರು ಧೂಳಿಗೆ ಬೇಗ ಸವೆದು ಕಟಕಟ ಅನ್ನುತ್ತೆ. ಮೆತ್ತನೆಯ ಸವಾರಿ ಬೇಕು ಅನ್ನುವವರಿಗೆ ಒಳ್ಳೆ ರಬ್ಬರೇ ಸಾಕು. ಉದ್ದ ಹೊಂದಿಸುವ ಆರ್ಮ್ ಆದರೆ ಅದರ ಮರೆಗೆ ಗ್ರೀಸ್ ಹಚ್ಚುತ್ತಾ ಇರಿ, ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದರೆ ಆಮೇಲೆ ಹೊಂದಿಸಲಿಕ್ಕೇ ಆಗುವುದಿಲ್ಲ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಬೇಕಾದ ಹಾಗೆ ಬದಲಿಸುವಂತಿಲ್ಲ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸಬಾರದು ಅಂತ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎತ್ತರ ಮಾಡಿಸುವ ಮೊದಲು ಇದನ್ನೂ, ಇನ್ಶೂರೆನ್ಸನ್ನೂ ಯೋಚಿಸಿ. ಎಷ್ಟೋ ಸಲ ಟಯರಿನ ಗಾಳಿ ಸ್ವಲ್ಪ ಇಳಿಸುವುದು, ಹಳೇ ಬುಷ್, ಶಾಕ್ ಅಬ್ಸಾರ್ಬರ್ ಬದಲಿಸುವುದು ಸಾಕಾಗುತ್ತೆ.

ಕೊಡಚಾದ್ರಿ ಡ್ರೈವರುಗಳು ಇಷ್ಟು ಕಾಲ ಬ್ಲೇಡಿಗೇ ಅಂಟಿಕೊಂಡದ್ದು ದಡ್ಡತನದಿಂದ ಅಲ್ಲ. ಒಂದು ಬ್ಲೇಡು ತುಂಡಾದರೂ ಉಳಿದವುಗಳ ಮೇಲೆ ನಿಧಾನ ಕೆಳಗಿಳಿಯಬಹುದು, ಸಣ್ಣ ಗ್ಯಾರೇಜಿನಲ್ಲೂ ಹೊಸದು ಹಾಕಿಸಿ ನಾಳೆ ಬಾಡಿಗೆಗೆ ಹೋಗಬಹುದು. ಅವರಿಗೆ ಸವಾರಿಗಿಂತ ದಿನದ ದುಡಿಮೆ ದೊಡ್ಡದು, ಅದರ ಬೆಲೆಯನ್ನು ವರ್ಷಗಟ್ಟಲೆ ಅವರ ಬೆನ್ನೇ ಕಟ್ಟಿದೆ. ನಾವು ಹೋಗಿ ಬರುವುದು ವರ್ಷಕ್ಕೊಂದು ಸಲ, ಅವರು ಆ ಕಲ್ಲಿನ ಮೇಲೆ ದಿನಾ ಹತ್ತಿ ಇಳಿಯುವವರು. ಮುಂದಿನ ಸಲ ಜೀಪಿನ ಪ್ಯಾರಾ ಬರೆಯುವಾಗ ನಮ್ಮ ಸೊಂಟದ ಜೊತೆ ಅವರ ಬೆನ್ನಿನ ಬಗ್ಗೆಯೂ ಒಂದು ಸಾಲು ಇರಲಿ.

ನಿಮ್ಮೂರಿನ ಹಳೇ ಬಾಡಿಗೆ ಜೀಪುಗಳ ಕಥೆ ಗೊತ್ತಿದ್ದರೆ, ಕೆನರಾ ಸ್ಪ್ರಿಂಗ್ಸಿನಲ್ಲಿ ಕೆಲಸ ಮಾಡಿದ ಹಿರಿಯರು ಯಾರಾದರೂ ಪರಿಚಯದಲ್ಲಿದ್ದರೆ, ಕಾಮೆಂಟಿನಲ್ಲಿ ಖಂಡಿತ ಬರೆಯಿರಿ. ಈ ಚರಿತ್ರೆಯನ್ನು ಬೇರೆ ಯಾರೂ ಬರೆದಿಡುವುದಿಲ್ಲ.