ಊರ ತೋಟದ ಹೊಣೆ

ಜಾಲಹಳ್ಳಿಯೆಂದೊಡನೆ ಅನೇಕರಿಗೆ ಕಾರ್ಖಾನೆಗಳ ನೆನಪಾಗುವುದು ಸಹಜ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವೂ ಸೇನೆಯ ಆಸ್ಪತ್ರೆಯೂ ಇದ್ದುವು. 1953ರಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಗೊಂಡುವು. ಅದಕ್ಕೆ ಮೊದಲು ಇದು ಕೆರೆ ಹೊಲಗಳ ಊರು. ಕಾರ್ಖಾನೆಯ ಬಡಾವಣೆಗಳಲ್ಲಿ ನೆಟ್ಟ ಸಸಿಗಳು ಇಂದು ಹೆಮ್ಮರಗಳಾಗಿವೆ. ಅವುಗಳ ನೆರಳಿನಲ್ಲಿ ನಿಂತಾಗ ನಮ್ಮಲ್ಲೊಂದು ಪ್ರಶ್ನೆ ಏಳುತ್ತದೆ: ಎಲ್ಲರಿಗೂ ಸೇರಿದ ತೋಟವನ್ನೂ ಹಳೆಯ ನೆಲವನ್ನೂ ಕಾಯತಕ್ಕವರು ಯಾರು?

ನಮ್ಮ ಪೂರ್ವಿಕರು ಇದನ್ನು ಬರಿಯ ಸದ್ಭಾವನೆಗೆ ಬಿಟ್ಟಿರಲಿಲ್ಲ. ಕೆರೆಯನ್ನು ಕಟ್ಟಿಸುವುದು ಪುಣ್ಯವೆಂದು ನಂಬಿದರು, ನಿಜ. ಆದರೆ ಅದರ ಪಾಲನೆಗೆಂದು ಭೂಮಿಯನ್ನೂ ಬಿಟ್ಟರು. ಶಾಸನಗಳಲ್ಲಿ ಕಾಣುವ ‘ಬಿತ್ತುವಟ್ಟ’ವೆಂಬುದು ಇಂತಹ ದತ್ತಿಯೇ. ತೂಬಿನ ನೀರನ್ನು ಹಂಚುವುದಕ್ಕೆ ನೀರುಗಂಟಿಯಿದ್ದನು. ಭಕ್ತಿಯೊಡನೆ ಏರ್ಪಾಟೂ ಇತ್ತು.

ಏರ್ಪಾಟಿಲ್ಲದ ಉತ್ಸಾಹದ ಗತಿಯನ್ನು ಲಾಲ್‌ಬಾಗಿನ ಚರಿತ್ರೆ ತಿಳಿಸುತ್ತದೆ. 1760ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟವು ಹಲವು ಕೈಗಳನ್ನು ದಾಟಿ, 1836ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದರ ವಶಕ್ಕೆ ಬಂದಿತು. ಸಸ್ಯಶಾಸ್ತ್ರದಲ್ಲಿ ಆಸಕ್ತನಾಗಿದ್ದ ಸೇನಾಧಿಕಾರಿ ವಿಲಿಯಂ ಮನ್ರೊ ಅದರ ಕಾರ್ಯದರ್ಶಿ. ಸದಸ್ಯರು ಸ್ವಂತ ಇಚ್ಛೆಯಿಂದ ಸೇರಿದವರು. ಆದರೂ 1842ರಲ್ಲಿ, ಅಂದರೆ ಆರೇ ವರ್ಷಗಳಲ್ಲಿ, ಸಂಘವು ಮುರಿದುಬಿದ್ದಿತು. ತೋಟಕ್ಕೆ ಸ್ಥಿರವಾದ ಆಶ್ರಯ ದೊರೆತುದು 1856ರಲ್ಲಿ, ಅದು ಸರ್ಕಾರಿ ಸಸ್ಯೋದ್ಯಾನವಾದ ಮೇಲೆ.

ಹಾಗಾದರೆ ಜನರ ಕೈ ಬೇಡವೇ? ಹಾಗೆನ್ನಲಾಗದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ತೋಟಗಾರಿಕೆ ಸಂಘವು ಹುಟ್ಟಿತು. ಈ ಸಾರಿ ತೋಟದ ಭಾರವು ಸರ್ಕಾರದ ಮೇಲಿತ್ತು. ಸಂಘವು ಅದಕ್ಕೆ ಹೆಗಲು ಕೊಟ್ಟಿತು. ಫಲಪುಷ್ಪ ಪ್ರದರ್ಶನಗಳ ಮೂಲಕ ಮನೆಮನೆಗೂ ಗಿಡದ ಪ್ರೀತಿಯನ್ನು ಹಬ್ಬಿಸಿತು. ಆರು ವರ್ಷಕ್ಕೆ ಅಳಿದುದು ಒಂದು, ಶತಮಾನ ಮೀರಿ ಬಾಳಿದುದು ಇನ್ನೊಂದು. ಎರಡರಲ್ಲಿಯೂ ಪ್ರೀತಿಯಿತ್ತು, ಆಧಾರವಿದ್ದುದು ಎರಡನೆಯದಕ್ಕೆ ಮಾತ್ರ.

ಇನ್ನು ಸರ್ಕಾರವೊಂದೇ ಸಾಲದೆಂಬುದಕ್ಕೆ ಜಾಲಹಳ್ಳಿಯ ಪೂರ್ವದ ಹೆಬ್ಬಾಳವೇ ಸಾಕ್ಷಿ. 2018ರಲ್ಲಿ ಅಲ್ಲಿ ನೆಲವನ್ನು ಅಗೆಯುವಾಗ ಒಂದು ವೀರಗಲ್ಲು ಹೊರಬಿದ್ದಿತು. ಅದು ಗಂಗರ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750ರದು, ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕ. ಆ ಕಲ್ಲನ್ನು ಗುರುತಿಸಿ, ಓದಿಸಿ, ಕಾಪಾಡಲು ಮುಂದಾದವರು ಊರಿನ ನಿವಾಸಿಗಳೂ ಶಾಸನಾಸಕ್ತರಾದ ಸ್ವಯಂಸೇವಕರೂ. ನೋಡುವ ಕಣ್ಣಿಲ್ಲದಿದ್ದರೆ ಸಾವಿರದ ಇನ್ನೂರು ವರ್ಷ ಮೀರಿದ ಕನ್ನಡ ಬರಹವು ಮಣ್ಣುಗುಡ್ಡೆಯ ಪಾಲಾಗುತ್ತಿತ್ತು.

ಮರಗಳ ವಿಷಯವೂ ಇದೇ. ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯಿದೆಯಿದೆ. ಅಪ್ಪಣೆಯಿಲ್ಲದೆ ಮರವನ್ನು ಕಡಿಯಲಾಗದು. ಆದರೆ ಕೊಡಲಿ ಎತ್ತಿದ ದಿನ ಬೀದಿಯಲ್ಲಿರುವವರು ನಾವು. ಕಾಯಿದೆಯ ಪುಸ್ತಕವು ಬೀದಿಗೆ ಬಾರದು.

ಆದುದರಿಂದ ವನಮಹೋತ್ಸವದ ದಿನ ಸಸಿ ನೆಟ್ಟು ಮನೆಗೆ ಮರಳುವುದಷ್ಟೇ ಸೇವೆಯಲ್ಲ. ಬೇಸಗೆಯಲ್ಲಿ ಅದಕ್ಕೆ ನೀರು ಹೊಯ್ಯುವವರು ಯಾರು, ಅವರು ಊರು ಬಿಟ್ಟರೆ ಮುಂದೆ ಯಾರು ಎಂಬುದನ್ನು ಅಂದೇ ನಿಶ್ಚಯಿಸಬೇಕು. ನಮ್ಮ ಹಿರಿಯರು ಕೆರೆಯೊಡನೆ ಬಿತ್ತುವಟ್ಟವನ್ನೂ ಬಿಟ್ಟುದರ ತಾತ್ಪರ್ಯವು ಇದೇ ಆಗಿದೆ.