ಮಡ್ಡಿ ವಾಟರ್ಸ್: ಗಿಟಾರಿಗೆ ಕರೆಂಟ್ ಬೇಕಾಗಿದ್ದು ಯಾಕೆ?

ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹೆಸರು ನೀವೆಲ್ಲ ಕೇಳಿರ್ತೀರಿ. ಅವರು ಆ ಹೆಸರು ತಗೊಂಡಿದ್ದು ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ ಒಂದು ಹಾಡಿನಿಂದ. ಇವತ್ತು ಆ ಮಡ್ಡಿಯ ಕಥೆ.

ನಿಜವಾದ ಹೆಸರು ಮೆಕಿನ್ಲಿ ಮಾರ್ಗನ್‌ಫೀಲ್ಡ್. ಅಮೆರಿಕದ ಮಿಸಿಸಿಪ್ಪಿಯ ಕಪ್ಪು ಕುಟುಂಬದವನು, ಸಾಕಿದ್ದು ಅಜ್ಜಿ. ಕೆಸರಲ್ಲಿ ಆಡೋ ಮೊಮ್ಮಗನಿಗೆ 'ಮಡ್ಡಿ' ಅಂತ ಅಡ್ಡಹೆಸರಿಟ್ಟವಳೂ ಅವಳೇ. ಕ್ಲಾರ್ಕ್ಸ್‌ಡೇಲ್ ಹತ್ತಿರದ ಸ್ಟೋವಾಲ್ ಹತ್ತಿ ಎಸ್ಟೇಟಿನಲ್ಲಿ ಕೂಲಿ, ಬಿಡುವಾದಾಗ ಗಿಟಾರ್. 1941ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಜಾನಪದ ಹಾಡು ಸಂಗ್ರಹಿಸ್ತಿದ್ದ ಅಲನ್ ಲೋಮ್ಯಾಕ್ಸ್, ಇವನ ಗುಡಿಸಲಿಗೇ ಬಂದು ಹಾಡು ರೆಕಾರ್ಡ್ ಮಾಡಿಕೊಂಡ. ತನ್ನ ದನಿಯನ್ನ ತಾನೇ ಕೇಳಿದ ಮೇಲೆ ಮಡ್ಡಿಗೆ ಧೈರ್ಯ ಬಂತು. 1943ರಲ್ಲಿ ಶಿಕಾಗೋ ರೈಲು ಹತ್ತಿದ. ವರ್ಣಭೇದ, ಬಡತನ ಎರಡನ್ನೂ ಬಿಟ್ಟು ಲಕ್ಷಗಟ್ಟಲೆ ಜನ ಉತ್ತರದ ಕಾರ್ಖಾನೆಗಳಿಗೆ ಹೊರಟಿದ್ದ ಕಾಲ ಅದು.

ಈಗ ಅಸಲಿ ವಿಷಯ. ಶಿಕಾಗೋ ಬಾರುಗಳ ಗಲಾಟೆಯಲ್ಲಿ ಮರದ ಗಿಟಾರ್ ಯಾರಿಗೂ ಕೇಳಿಸ್ತಿರಲಿಲ್ಲ. ಹಾಗಾಗಿ ಎಲೆಕ್ಟ್ರಿಕ್ ಗಿಟಾರ್ ಹಿಡಿದ. ಹೊಸದಾಗಿದ್ದು ವಾದ್ಯ ಮಾತ್ರ, ನುಡಿಸಿದ್ದು ಊರಿನ ಬಾನಿಯನ್ನೇ. ಬೆರಳಿಗೆ ಕೊಳವೆ ಹಾಕಿಕೊಂಡು ತಂತಿ ಮೇಲೆ ಜಾರಿಸಿ ಸ್ವರ ಎಳೆಯೋದು. ಗೋಟುವಾದ್ಯ ಕೇಳಿದವರಿಗೆ ಆ ಎಳೆತ ಪರಕೀಯ ಅನ್ನಿಸಲ್ಲ. ಆಂಪ್ಲಿಫೈಯರಿನಲ್ಲಿ ಬಂದಾಗ ಆ ಸ್ವರದ ನರಳಾಟ ಬಾರಿನ ಕೊನೇ ಮೂಲೆಗೂ ಮುಟ್ಟಿತು. 1948ರಲ್ಲಿ ಬಂದ 'ಐ ಕಾಂಟ್ ಬಿ ಸ್ಯಾಟಿಸ್ಫೈಡ್' ರೆಕಾರ್ಡಿನ ಮೊದಲ ಕಂತು ಒಂದೇ ದಿನಕ್ಕೆ ಖಾಲಿ! ಮುಗಿಬಿದ್ದು ಕೊಂಡವರಲ್ಲಿ ಹೆಚ್ಚಿನವರು ಇವನ ಹಾಗೇ ದಕ್ಷಿಣದಿಂದ ವಲಸೆ ಬಂದವರು.

ಇಂಗ್ಲೆಂಡಿನ ಕಥೆ ಇನ್ನೂ ಮಜಾ. 1958ರಲ್ಲಿ ಅಲ್ಲಿಗೆ ಹೋದಾಗ, 'ಇದೇನಪ್ಪಾ ಇಷ್ಟು ಜೋರು' ಅಂತ ಕೆಲವರು ಮುಖ ಸಿಂಡರಿಸಿದ್ರು. ಅವರಿಗೆ ಬೇಕಿದ್ದದ್ದು ಹೊಲದ ಹಾಡು. ಸರಿ ಅಂತ 1963ರಲ್ಲಿ ಮರದ ಗಿಟಾರ್ ಒಯ್ದರೆ, ಅಷ್ಟರಲ್ಲಿ ಅಲ್ಲಿನ ಹುಡುಗರಿಗೆ ಎಲೆಕ್ಟ್ರಿಕ್ ಹುಚ್ಚು ಹಿಡಿದಿತ್ತು!

ಆ ಹುಡುಗರು ಇವನಿಂದ ಕಲಿತು ಕೋಟ್ಯಧೀಶರಾದ್ರು. ಮಡ್ಡಿ ಮಾತ್ರ ತನ್ನದೇ ಹಾಡುಗಳ ರಾಯಲ್ಟಿಗಾಗಿ 1970ರ ದಶಕದಲ್ಲಿ ಪ್ರಕಾಶನ ಕಂಪನಿ ಮೇಲೆ ಕೇಸು ಹಾಕಬೇಕಾಯ್ತು. ಗ್ರ್ಯಾಮಿ ಪ್ರಶಸ್ತಿಗಳೂ ಬಂದವು, ನಿಜ. ಆದರೆ ಬಾಕಿ ದುಡ್ಡು ಕೇಳೋಕೆ ವಕೀಲರನ್ನ ಹಿಡಿಯಬೇಕಾಗಿದ್ದು ನನಗಂತೂ ಅನ್ಯಾಯ ಅನ್ಸುತ್ತೆ.

1983ರ ಏಪ್ರಿಲ್ 30ರಂದು ಶಿಕಾಗೋ ಹೊರವಲಯದ ಮನೆಯಲ್ಲಿ ತೀರಿಕೊಂಡ. ಆ ಸ್ಟೋವಾಲ್ ಗುಡಿಸಲಿನಲ್ಲಿ ಉಳಿದಿದ್ದ ಮರದ ಗೋಡೆಗಳು ಈಗ ಕ್ಲಾರ್ಕ್ಸ್‌ಡೇಲಿನ ಡೆಲ್ಟಾ ಬ್ಲೂಸ್ ಮ್ಯೂಸಿಯಂನಲ್ಲಿವೆ.